ಸ್ಟೆಂಟ್ ಹಾಕಿ ಐದು ತಿಂಗಳು, ಅಪ್ಪನಿಗೆ ಹಲ್ಲಿನ ಇಂಪ್ಲಾಂಟ್ ಮಾಡಿಸ್ಬಹುದಾ?

ತೋಟದಮನೆ:

ಎಲ್ರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ನೀರ್ಚಾಲು ಹತ್ರ. ಅಪ್ಪನಿಗೆ 67 ವರ್ಷ. ಮಾರ್ಚಲ್ಲಿ ಹಾರ್ಟ್ ಅಟ್ಯಾಕ್ ಆಗಿ ಮಂಗ್ಳೂರಿಗೆ ಕೊಂಡೋಗಿ ಆಂಜಿಯೋಪ್ಲಾಸ್ಟಿ ಆಯ್ತು, ಒಂದು ಸ್ಟೆಂಟ್ ಹಾಕಿದ್ದಾರೆ, ಮದ್ದು ಲೇಪಿಸಿದ ಸ್ಟೆಂಟ್ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಉಂಟು. ಈಗ ಆರಾಮ ಇದ್ದಾರೆ, ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬರ್ತಾರೆ, ಏದುಸಿರು ಎಲ್ಲ ಇಲ್ಲ. ಮಾತ್ರೆ ಒಂದು ಡಬ್ಬಿ ಉಂಟು, ಇಕೋಸ್ಪ್ರಿನ್ 75 (ಅದು ಆಸ್ಪಿರಿನ್) ಮತ್ತೆ ಕ್ಲೋಪಿಡೋಗ್ರೆಲ್ 75, ಇವೆರಡು ರಕ್ತ ತೆಳು ಮಾಡ್ಲಿಕ್ಕೆ, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್ 40, ಮೆಟೋಪ್ರೊಲೋಲ್, ಮತ್ತೆ ಶುಗರಿಗೆ ಮೆಟ್‌ಫಾರ್ಮಿನ್.

ತೊಂದರೆ ಹಲ್ಲಿಂದು. ಕೆಳಗೆ ಎಡಗಡೆ ಕೊನೆಯ ಎರಡು ದವಡೆ ಹಲ್ಲು ಮೂರು ವರ್ಷ ಹಿಂದೆಯೇ ತೆಗ್ಸಿದ್ದು, ಅಲ್ಲಿಗೆ ತೆಗೆದು ಹಾಕುವ ಸೆಟ್ಟು ಮಾಡ್ಸಿದ್ದೆವು ಅದನ್ನು ಅವ್ರು ಹಾಕುದೇ ಇಲ್ಲ, ನಾಲಗೆಗೆ ತಾಗ್ತದೆ ಅಂತ ಹೇಳಿ ಕಿಟಕಿಯ ಹತ್ರ ಲೋಟದಲ್ಲಿ ನೀರಲ್ಲಿ ಹಾಕಿ ಇಟ್ಟಿದ್ದಾರೆ, ನಾವು ಕೇಳಿದ್ರೆ ಊಟಕ್ಕೆ ಹಾಕ್ತೇನೆ ಅಂತ ಹೇಳ್ತಾರೆ, ಊಟಕ್ಕೂ ಹಾಕುದಿಲ್ಲ. ಒಂದೇ ಕಡೆಯಲ್ಲಿ ಅಗಿದು ಅಗಿದು ಈಗ ಬಲಗಡೆಯ ಹಲ್ಲೂ ಸವೆದಿದೆ. ಮೊನ್ನೆ ಪೇಟೆಯಲ್ಲಿ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ, ಅವ್ರು ನೋಡಿ ಇಂಪ್ಲಾಂಟ್ ಮಾಡುವ, ಅಂದ್ರೆ ದವಡೆ ಎಲುಬಿಗೆ ಸ್ಕ್ರೂ ಹಾಕಿ ಅದರ ಮೇಲೆ ಹಲ್ಲು ಕೂರಿಸುದು, ಎಲುಬು ಒಳ್ಳೆದುಂಟು, ರಕ್ತ ತೆಳು ಮಾಡುವ ಎರಡೂ ಮಾತ್ರೆ ಒಂದು ವಾರ ನಿಲ್ಸಿ ಬನ್ನಿ ಒಂದೇ ಸಿಟ್ಟಿಂಗಲ್ಲಿ ಸ್ಕ್ರೂ ಹಾಕಿ ಬಿಡುವ ಅಂತ ಹೇಳಿದ್ರು. ಒಂದಕ್ಕೆ 35 ಸಾವಿರ, ಎರಡಕ್ಕೆ ಸ್ವಲ್ಪ ಕಮ್ಮಿ ಮಾಡಿ ಕೊಡ್ತಾರಂತೆ. ಹಾರ್ಟಿನ ಡಾಕ್ಟ್ರು ಡಿಸ್ಚಾರ್ಜ್ ಮಾಡುವಾಗ ಮಾತ್ರ ಯಾವ ಕಾರಣಕ್ಕೂ ಈ ಎರಡು ಮಾತ್ರೆ ಬಿಡ್ಬೇಡಿ ಅಂತ ಎರಡೆರಡು ಸಲ ಹೇಳಿ ಕೆಳಗೆ ಗೆರೆ ಎಳೆದು ಕೊಟ್ಟಿದ್ರು. ಈಗ ಯಾರ ಮಾತು ಕೇಳುದು?

ಇನ್ನೊಂದು, ಅಲ್ಲಿ ಸೈನ್ ಹಾಕ್ಲಿಕ್ಕೆ ಕೊಟ್ಟ ಫಾರ್ಮ್ ಪೂರ್ತಿ ಮಲಯಾಳದಲ್ಲಿ, ಅಪ್ಪನಿಗೆ ಓದ್ಲಿಕ್ಕೆ ಬರುದಿಲ್ಲ ನನಗೂ ಅಷ್ಟಕ್ಕಷ್ಟೇ, ಅದಕ್ಕೆ ಸೈನ್ ಹಾಕ್ದೆ ಮನೆಗೆ ತಂದದ್ದು. ಇಲ್ಲಿ ಯಾರಿಗಾದ್ರೂ ಹಾರ್ಟ್ ಕಾಯಿಲೆ ಇದ್ದು ಇಂಪ್ಲಾಂಟ್ ಮಾಡ್ಸಿದ ಅನುಭವ ಉಂಟಾ? ಮಂಗ್ಳೂರಲ್ಲಿ ಎಲ್ಲಿಗೆ ಹೋದ್ರೆ ಒಳ್ಳೆದು?

ಉಪ್ಪಳದವ:

ತಮ್ಮಾ, ಮೊದಲು ಒಂದು ಕೇಳ್ತೇನೆ ಬೇಜಾರು ಮಾಡ್ಬೇಡ. 67ನೇ ವಯಸ್ಸಲ್ಲಿ, ಹಾರ್ಟ್ ಅಟ್ಯಾಕ್ ಆಗಿ ಐದು ತಿಂಗಳಿಗೆ, 70 ಸಾವಿರ ಕೊಟ್ಟು ಬಾಯಿಯಲ್ಲಿ ಡ್ರಿಲ್ ಹಾಕ್ಸುದು ಬೇಕಾ? ಬ್ರಿಡ್ಜ್ ಮಾಡಿ ಬಿಡಿ, ಹದಿನೈದು ಸಾವಿರದಲ್ಲಿ ಮುಗೀತದೆ. ನನ್ನ ದೊಡ್ಡಪ್ಪನಿಗೆ ಬ್ರಿಡ್ಜೇ ಇದ್ದದ್ದು, ಕಡೆವರೆಗೂ ಚಕ್ಕುಲಿ ತಿಂದಿದ್ದಾರೆ. ಈಗ ಎಲ್ಲಿ ಹೋದ್ರೂ ಇಂಪ್ಲಾಂಟ್ ಇಂಪ್ಲಾಂಟ್, ಹಲ್ಲುನೋವು ಅಂತ ಹೋದವನಿಗೂ ಇಂಪ್ಲಾಂಟ್. ಸ್ಟೆಂಟಿಗೆ ಆದ್ರೆ 2017ರಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿತು, ಲಕ್ಷಕ್ಕೂ ಹೆಚ್ಚು ಇದ್ದದ್ದು 30 ಸಾವಿರದ ಒಳಗೆ ಬಂತು. ಹಲ್ಲಿನ ಸ್ಕ್ರೂವಿಗೆ ಯಾರು ಮಿತಿ ಹಾಕಿದ್ದಾರೆ ಹೇಳಿ.

ವಾಲ್ವ್ ಮಾಷ್ಟ್ರು:

ನಾನು ಪೆರ್ಲದವ, ರಿಟೈರ್ಡ್ ಮಾಷ್ಟ್ರು. ನನ್ನದು ಸ್ಟೆಂಟ್ ಅಲ್ಲ, ವಾಲ್ವ್. ಹಾಗಾಗಿ ನಿಮ್ಮಪ್ಪನ ಕೇಸಿಗೂ ನನ್ನದಕ್ಕೂ ವ್ಯತ್ಯಾಸ ಉಂಟು, ಅದನ್ನು ಮೊದಲೇ ಹೇಳಿ ಬಿಡ್ತೇನೆ, ಯಾಕೆ ಅಂದ್ರೆ ನಮ್ಮವರಿಗೆ ಹಾರ್ಟ್ ಅಂದ್ರೆ ಎಲ್ಲ ಒಂದೇ, ಬ್ಲಾಕೂ ಅದೇ ವಾಲ್ವೂ ಅದೇ ಪೇಸ್‌ಮೇಕರೂ ಅದೇ.

ಸಣ್ಣದಿರುವಾಗ ಗಂಟುಜ್ವರ ಬಂದು ಮೈಟ್ರಲ್ ವಾಲ್ವ್ ಹಾಳಾದದ್ದು. ತೊಂಬತ್ತರ ದಶಕದಲ್ಲಿ ತಿರುವನಂತಪುರದ ಶ್ರೀ ಚಿತ್ರಾದಲ್ಲಿ ಆಪರೇಷನ್ ಆಯ್ತು, ಅವರೇ ಮಾಡಿದ ಚಿತ್ರಾ ವಾಲ್ವ್ ಹಾಕಿದ್ರು. ಡಾ. ವಲಿಯತ್ತಾನ್ ಅವರ ತಂಡ ತಯಾರು ಮಾಡಿದ್ದು, 1990ರಲ್ಲಿ ಮೊದಲ ಪೇಷಂಟಿಗೆ ಹಾಕಿದ್ದು, ಹೊರದೇಶದ ವಾಲ್ವಿಗೆ ಕೊಡ್ಲಿಕ್ಕೆ ಮಾಷ್ಟ್ರ ಸಂಬಳದಲ್ಲಿ ಎಲ್ಲಿ ಸಾಧ್ಯ ಇತ್ತು. ರಾತ್ರಿ ಎಲ್ಲ ನಿಶ್ಶಬ್ದ ಆದಾಗ ಕಿವಿ ಕೊಟ್ರೆ ಟಿಕ್ ಟಿಕ್ ಕೇಳ್ತದೆ, ಹೆಂಡತಿಗೆ ಅಭ್ಯಾಸ ಆಗಿ ಹೋಗಿದೆ. ಆವತ್ತಿಂದ ಇವತ್ತಿನವರೆಗೆ ವಾಲ್ವಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಅಸಿಟ್ರೋಮ್ ಮಾತ್ರೆ ನುಂಗ್ತಾ ಇದ್ದೇನೆ, ತಿಂಗಳಿಗೊಮ್ಮೆ ಐಎನ್‌ಆರ್ ನೋಡುದು, ರಕ್ತ ಎಷ್ಟು ತೆಳು ಆಗಿದೆ ಅಂತ ಹೇಳುವ ಟೆಸ್ಟ್ ಅದು, ನಂಬರ್ ಹೆಚ್ಚಾದಷ್ಟೂ ರಕ್ತ ತೆಳು.

ನನಗೆ ಮೇಲ್ಗಡೆ ಒಂದು ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಆಗಿದೆ, ಚೆನ್ನಾಗಿಯೇ ಉಂಟು. ಅಸಿಟ್ರೋಮ್ ನಿಲ್ಲಿಸ್ಲೇ ಇಲ್ಲ. ಹಿಂದಿನ ದಿನ ಐಎನ್‌ಆರ್ ಮಾಡ್ಸಿ ರಿಪೋರ್ಟ್ ತನ್ನಿ ಅಂತ ಹೇಳಿದ್ರು, 2.8 ಇತ್ತು, 3.5ರ ಮೇಲೆ ಇದ್ದಿದ್ರೆ ಆ ದಿನ ಮುಟ್ತಿರಲಿಲ್ಲವಂತೆ. ಬೆಳಿಗ್ಗೆ ಒಂದು ಗಂಟೆ ಮೊದಲು ಅಮೋಕ್ಸಿಸಿಲಿನ್ ಎರಡು ಗ್ರಾಂ ಒಟ್ಟಿಗೆ, 500ರ ನಾಲ್ಕು ಕ್ಯಾಪ್ಸೂಲ್. ಅದು ಯಾಕೆ ಅಂದ್ರೆ ಬಾಯಿಯ ಕ್ರಿಮಿ ರಕ್ತಕ್ಕೆ ಹೋಗಿ ಕೃತಕ ವಾಲ್ವಿಗೆ ಅಂಟಿಕೊಂಡ್ರೆ ಒಳಗೆ ಇನ್ಫೆಕ್ಷನ್ ಆಗ್ತದೆ, ಅದು ಆದ್ರೆ ಮತ್ತೆ ಆಪರೇಷನ್ನೇ ಗತಿ, ಕೆಲವರು ಉಳಿಯುದೂ ಇಲ್ಲ.

ಎಲ್ಲ ಆದ ಮೇಲೆ ತೊಂದರೆ ಆದದ್ದು ಹಲ್ಲಿಂದ ಅಲ್ಲ. ಅದಾಗಿ ಕೆಲವು ಸಮಯದ ಮೇಲೆ ಹೊಟ್ಟೆ ಸರಿ ಇಲ್ಲ ಅಂತ ಬೇರೆ ಒಬ್ರು ಡಾಕ್ಟ್ರ ಹತ್ರ ಹೋದಾಗ ಅವರು ಮೆಟ್ರೋನಿಡಜೋಲ್ ಬರೆದು ಕೊಟ್ರು, ಅಸಿಟ್ರೋಮ್ ತೆಗೊಳ್ತೇನೆ ಅಂತ ಹೇಳಿದ್ದೆ, ಅವ್ರು ಕೇಳಿಸ್ಕೊಂಡ ಹಾಗೆ ಕಾಣ್ಲಿಲ್ಲ. ಮೂರ್ನಾಲ್ಕು ದಿನದಲ್ಲಿ ವಸಡಿಂದ ರಕ್ತ, ತೊಡೆಯಲ್ಲಿ ಅಂಗೈ ಅಗಲದ ನೀಲಿ ಕಲೆ. ಐಎನ್‌ಆರ್ 6 ದಾಟಿತ್ತು, ಆ ಮಾತ್ರೆ ಅಸಿಟ್ರೋಮಿನ ಪವರ್ ಹೆಚ್ಚು ಮಾಡ್ತದೆ. ಹಲ್ಲಿನವರೂ ಇದೇ ಮಾತ್ರೆ ತುಂಬಾ ಬರೀತಾರೆ, ಅದಕ್ಕೆ ಹೇಳಿದ್ದು. ಬಾಯಿಯ ಫಂಗಸ್ಸಿಗೆ ಹಚ್ಚುವ ಮೈಕೋನಜೋಲ್ ಜೆಲ್ ಕೂಡ ಹಾಗೆಯೇ, ಬರೇ ಹಚ್ಚುದಲ್ವಾ ಅಂತ ನೆಗ್ಲೆಕ್ಟ್ ಮಾಡ್ಲಿಕ್ಕಿಲ್ಲ.

ನಿಮ್ಮಪ್ಪ ಅಸಿಟ್ರೋಮ್ ತೆಗೊಳ್ಳುದಿಲ್ಲ ಹಾಗಾಗಿ ಐಎನ್‌ಆರ್ ಪ್ರಶ್ನೆ ಇಲ್ಲ. ಆದ್ರೆ ಮಾತ್ರೆ ನಿಲ್ಸಿ ಅಂತ ಹೇಳಿದ್ದಾರಲ್ಲ, ಅದು ನನಗೆ ಸರಿ ಕಾಣುದಿಲ್ಲ.

ಹಲ್ಲುಡಾಕ್ಟ್ರು:

ನಾನು ಡೆಂಟಿಸ್ಟ್, ಇಂಪ್ಲಾಂಟ್ ಮಾಡ್ತೇನೆ, ಹಾಗಾಗಿ ಇಂಪ್ಲಾಂಟ್ ಬೇಡ ಅಂತ ಹೇಳ್ಲಿಕ್ಕೆ ನನಗೆ ಲಾಭ ಏನೂ ಇಲ್ಲ. ಆದ್ರೂ ಹೇಳ್ತೇನೆ, ಈಗ ಬೇಡ. ಪೇಷಂಟ್ ನೋಡದೆ ಫೈನಲ್ ಹೇಳ್ಲಿಕ್ಕಾಗುದಿಲ್ಲ, ಇಲ್ಲಿ ಬರೆದದ್ದು ಓದಿ ಯಾರೂ ಮಾತ್ರೆ ಬದಲಾಯಿಸ್ಲಿಕ್ಕೂ ಹೋಗ್ಬೇಡಿ.

ಎರಡೂ ಮಾತ್ರೆ ಒಂದು ವಾರ ನಿಲ್ಸುದು ಅಂತ ಯಾರು ಹೇಳಿದ್ರೂ ಕೇಳ್ಬೇಡಿ. ಮದ್ದಿನ ಸ್ಟೆಂಟ್ ಹಾಕಿದ ಮೇಲೆ ಅದರ ಒಳಗಿನ ಲೋಹದ ಬಲೆಯ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಲಿಕ್ಕೆ ತಿಂಗಳುಗಟ್ಟಲೆ ಬೇಕು, ಮದ್ದು ಆ ಬೆಳವಣಿಗೆಯನ್ನೇ ನಿಧಾನ ಮಾಡುದು, ಅದು ಅದರ ಕೆಲಸ. ಅಷ್ಟರವರೆಗೆ ಬರೇ ಲೋಹ ರಕ್ತಕ್ಕೆ ತಾಗ್ತಾ ಇರ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಇದ್ರೆ ಪ್ಲೇಟ್‌ಲೆಟ್ ಅಲ್ಲಿ ಗಟ್ಟಿ ಆಗುದಿಲ್ಲ, ನಿಲ್ಸಿದ್ರೆ ಸ್ಟೆಂಟಿನ ಒಳಗೇ ರಕ್ತ ಹೆಪ್ಪುಗಟ್ಟಿ ಪೂರ್ತಿ ಬ್ಲಾಕ್ ಆಗ್ಬಹುದು, ಮತ್ತೆ ಹಾರ್ಟ್ ಅಟ್ಯಾಕ್, ಅದೂ ದೊಡ್ಡದು. ಹೀಗೆ ಹಲ್ಲು ಕೀಳ್ಲಿಕ್ಕೆ ಅಂತ ಮಾತ್ರೆ ನಿಲ್ಸುದರ ವಿರುದ್ಧವೇ 2007ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್, ಡೆಂಟಲ್ ಅಸೋಸಿಯೇಷನ್, ಇನ್ನೂ ಕೆಲವು ಸಂಸ್ಥೆ ಸೇರಿ ಒಂದು ಎಚ್ಚರಿಕೆ ಹೊರಡಿಸಿದ್ದು. ಆಗ ಮದ್ದಿನ ಸ್ಟೆಂಟಿಗೆ ಒಂದು ವರ್ಷ ಕಾಯಿರಿ ಅಂತ ಇತ್ತು. ಆಮೇಲೆ 2016ರಲ್ಲಿ ಸ್ವಲ್ಪ ಸಡಿಲ ಆಯ್ತು, ಅಟ್ಯಾಕ್ ಆಗದೆ ಬರೇ ಎದೆನೋವಿಗೆ ಸ್ಟೆಂಟ್ ಹಾಕಿದವರಿಗೆ ಆರು ತಿಂಗಳು, ಅಟ್ಯಾಕ್ ಆಗಿ ಹಾಕಿದವರಿಗೆ ಸಾಮಾನ್ಯವಾಗಿ ವರ್ಷ. ನಿಮ್ಮಪ್ಪ ಎರಡನೇ ಗುಂಪು.

ಇದಕ್ಕೆ ಇನ್ನೊಂದು ಮಗ್ಗುಲುಂಟು. ಎರಡು ಮಾತ್ರೆ ಇದ್ದಾಗಲೂ ಬಾಯಿಯಲ್ಲಿ ರಕ್ತ ನಿಲ್ಸುದು ಅಷ್ಟು ದೊಡ್ಡ ವಿಷಯ ಅಲ್ಲ. ಜಾಗ ಕಣ್ಣಿಗೆ ಕಾಣ್ತದೆ, ಕೈಗೆ ಸಿಗ್ತದೆ. ಬಿಗಿಯಾಗಿ ಹೊಲಿಗೆ ಹಾಕಿ, ಒಳಗೆ ಜೆಲಾಟಿನ್ ಸ್ಪಾಂಜ್ ಇಟ್ಟು, ರಕ್ತ ನಿಲ್ಸುವ ಮದ್ದು ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಅರ್ಧ ಗಂಟೆ ಕಚ್ಚಿ ಹಿಡಿದ್ರೆ ನಿಲ್ತದೆ. ಸ್ವಲ್ಪ ಹೆಚ್ಚು ಹೊತ್ತು ಒಸರಬಹುದು, ಮಾರನೇ ದಿನ ಜೊಲ್ಲು ಕೆಂಪು ಇರಬಹುದು, ಅಷ್ಟೆ. ಹಾಗಾಗಿ ಈಗ ಏನಾದ್ರೂ ಹಲ್ಲು ಕೀವು ಕಟ್ಟಿ ಮುಖ ಊದಿಕೊಂಡ್ರೆ ಕಾಯ್ಲಿಕ್ಕಿಲ್ಲ, ಮಾತ್ರೆ ಮುಂದುವರಿಸಿಯೇ ಆ ಹಲ್ಲು ತೆಗೀಬೇಕು. ಇಂಪ್ಲಾಂಟ್ ಅರ್ಜೆಂಟ್ ಅಲ್ಲ, ಮೂರು ವರ್ಷ ಹಲ್ಲಿಲ್ಲದೆ ಇದ್ದವರು ಇನ್ನೂ ಏಳು ತಿಂಗಳು ಇರಬಹುದು.

ಉಪ್ಪಳದವರ ಬ್ರಿಡ್ಜ್ ಇಲ್ಲಿ ಆಗುದಿಲ್ಲ. ಬ್ರಿಡ್ಜಿಗೆ ಎರಡು ಬದಿಯಲ್ಲೂ ಕಂಬ ಬೇಕು. ಕೊನೆಯ ಎರಡು ಹಲ್ಲೇ ಹೋಗಿದ್ರೆ ಹಿಂದಿನ ಕಂಬ ಎಲ್ಲಿಂದ ತರುದು.

ಉಪ್ಪಳದವ:

ಹೌದಾ, ಕೊನೆಯದ್ದು ಅಂತ ಬರೆದದ್ದು ನಾನು ಸರಿ ಓದ್ಲಿಲ್ಲ. ಆದ್ರೂ ಬೆಲೆಯ ಬಗ್ಗೆ ಹೇಳಿದ್ದು ಹಾಗೇ ಇರ್ಲಿ ಡಾಕ್ಟ್ರೇ.

ತೋಟದಮನೆ:

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ, ಮಾಷ್ಟ್ರೇ. ಮಾತ್ರೆ ನಿಲ್ಸುದಿಲ್ಲ, ಅದು ಡಿಸೈಡ್ ಆಯ್ತು. ಅಪ್ಪನಿಗೆ ಓದಿ ಹೇಳಿದೆ, ಅವ್ರು ಮಾಷ್ಟ್ರು ಹೇಳಿದ್ದು ನಾಲ್ಕು ಕ್ಯಾಪ್ಸೂಲ್ ಒಟ್ಟಿಗೆ ನುಂಗ್ಲಿಕ್ಕುಂಟಾ ನಾನೂ ಅಂತ ಕೇಳ್ತಿದ್ದಾರೆ, ಅಮೋಕ್ಸಿಸಿಲಿನ್ ಅವರಿಗೆ ಹಿಂದೊಮ್ಮೆ ಮೈ ಎಲ್ಲ ತುರಿಸಿ ದಡಿಕೆ ಎದ್ದಿತ್ತು ಅದಕ್ಕೆ ಹೆದರಿಕೆ.

ಮತ್ತೆ ಒಂದು ಡೌಟು, ಮರಗಟ್ಟುವ ಇಂಜೆಕ್ಷನ್ನಲ್ಲಿ ಅಡ್ರಿನಾಲಿನ್ ಇರ್ತದೆ ಅದು ಹಾರ್ಟಿನವರಿಗೆ ಡೇಂಜರ್ ಅಂತ ನನ್ನ ಭಾವ ಹೇಳಿದ, ಅವ ಮೆಡಿಕಲ್ ಶಾಪಲ್ಲಿ ಇದ್ದವ. ಹೌದಾ ಅದು? ನೋವಿಗೆ ಯಾವ ಮಾತ್ರೆ ಕೊಡ್ಬಹುದು, ಮನೆಯಲ್ಲಿ ಯಾವಾಗ್ಲೂ ಇರುದು ಡೈಕ್ಲೋಫೆನಾಕ್, ತೋಟದಲ್ಲಿ ಬೆನ್ನು ಹಿಡಿದ್ರೂ ಅದೇ ಹಲ್ಲಿಗೂ ಅದೇ.

ಹಲ್ಲುಡಾಕ್ಟ್ರು:

ಆಂಟಿಬಯಾಟಿಕ್ ವಿಷಯ: ಸ್ಟೆಂಟಿಗೆ ಬೇಡ, ಬೈಪಾಸ್ ಆದವರಿಗೂ ಬೇಡ, ಪೇಸ್‌ಮೇಕರಿಗೂ ಬೇಡ. ಹಾರ್ಟ್ ಇನ್ಫೆಕ್ಷನ್ ತಡೆಯುವ ಆ ಒಂದು ಡೋಸ್ ಇರುದು ಮಾಷ್ಟ್ರ ಹಾಗೆ ಕೃತಕ ವಾಲ್ವ್ ಇದ್ದವರಿಗೆ, ಹಿಂದೆ ಒಮ್ಮೆ ಆ ಇನ್ಫೆಕ್ಷನ್ ಆದವರಿಗೆ, ಹುಟ್ಟುವಾಗಲೇ ಬಂದ ಕೆಲವು ಹಾರ್ಟ್ ದೋಷ ಇದ್ದವರಿಗೆ. ಮೊದಲೆಲ್ಲ ಹಾರ್ಟಲ್ಲಿ ಚೂರು ಶಬ್ದ ಬಂದ್ರೂ ಕೊಡ್ತಿದ್ದೆವು, 2007ರಲ್ಲಿ ಲಿಸ್ಟ್ ಸಣ್ಣದಾಯ್ತು. ಇಂಪ್ಲಾಂಟ್ ಸೋಲದ ಹಾಗೆ ಡೆಂಟಿಸ್ಟುಗಳು ಬೇರೆ ಒಂದು ಡೋಸ್ ಕೊಡುದುಂಟು, ಅದು ಹಾರ್ಟಿಗಲ್ಲ. ಏನೇ ಆಗ್ಲಿ ದಡಿಕೆ ಎದ್ದ ಸಂಗತಿ ಮಾತ್ರ ಪ್ರತಿ ಕಾಗದದ ಮೇಲೆ ದೊಡ್ಡದಾಗಿ ಬರೆದಿಡಿ, ಅವರಿಗೆ ಅಮೋಕ್ಸಿಸಿಲಿನ್ ಬೇಡ. ಅದರ ಬದಲು ಕ್ಲಾರಿಥ್ರೊಮೈಸಿನ್ ಯಾರಾದ್ರೂ ಬರೆದ್ರೆ ಅಟೋರ್ವಾಸ್ಟಾಟಿನ್ ತೆಗೊಳ್ತಾರೆ ಅಂತ ಹೇಳಿ, ಎರಡು ಸೇರಿದ್ರೆ ಮಾಂಸಖಂಡಕ್ಕೆ ಪೆಟ್ಟು.

ಅಡ್ರಿನಾಲಿನ್ ಬಗ್ಗೆ ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ನಮ್ಮಲ್ಲಿ ಹೆಚ್ಚಾಗಿ ಬಳಸುದು ಲಿಗ್ನೋಕೇನ್ 2 ಪರ್ಸೆಂಟ್, ಅಡ್ರಿನಾಲಿನ್ 80,000ಕ್ಕೆ ಒಂದು ಪಾಲು. ಅಂದ್ರೆ ಒಂದು ಎಂಎಲ್‌ಗೆ ಹನ್ನೆರಡೂವರೆ ಮೈಕ್ರೋಗ್ರಾಂ. ಹಾರ್ಟ್ ಪೇಷಂಟಿಗೆ ಒಂದು ಸಲಕ್ಕೆ 40 ಮೈಕ್ರೋಗ್ರಾಂ ದಾಟ್ಲಿಕ್ಕಿಲ್ಲ ಅಂತ ಲೆಕ್ಕ, ಹಾಗೆ ನೋಡಿದ್ರೆ ಸುಮಾರು ಮೂರು ಎಂಎಲ್. ಕೆಳಗಿನ ದವಡೆ ಮರಗಟ್ಟಿಸ್ಲಿಕ್ಕೆ ಅಷ್ಟು ಸಾಕು, ನಿಧಾನ ಕೊಡ್ಬೇಕು, ಸೂಜಿ ರಕ್ತನಾಳದ ಒಳಗೆ ಹೋಗಿಲ್ಲ ಅಂತ ಹಿಂದಕ್ಕೆ ಎಳೆದು ನೋಡಿ ಕೊಡ್ಬೇಕು. ಅಡ್ರಿನಾಲಿನ್ ಪೂರ್ತಿ ಬಿಟ್ಟು ಕೊಟ್ರೆ ಮರಗಟ್ಟುದು ಬೇಗ ಇಳೀತದೆ, ಮಧ್ಯದಲ್ಲಿ ನೋವಾದ್ರೆ ಪೇಷಂಟಿನ ಮೈಯೇ ಅದಕ್ಕಿಂತ ಹೆಚ್ಚು ಅಡ್ರಿನಾಲಿನ್ ಬಿಡ್ತದೆ, ಅದು ಯಾರ ಲೆಕ್ಕಕ್ಕೂ ಸಿಗುದಿಲ್ಲ. ಒಂದೇ ದಿನ ಹತ್ತು ಹಲ್ಲಿನ ಕೆಲಸ ಮಾಡುವವರ ಹತ್ರ ಹೋಗ್ಬೇಡಿ, ತೊಂದರೆ ಬರುದು ಅಲ್ಲಿ.

ನೋವಿಗೆ ಪ್ಯಾರಾಸಿಟಮಾಲ್. ಡೈಕ್ಲೋಫೆನಾಕ್ ಮನೆಯಿಂದ ತೆಗೆದು ಬಿಸಾಡಿ, ಹಲ್ಲಿಗೆ ಮಾತ್ರ ಅಲ್ಲ ಬೆನ್ನಿಗೂ ಬೇಡ. ಹಾರ್ಟ್ ಅಟ್ಯಾಕ್ ಆದವರಿಗೆ ಅದು ಒಳ್ಳೆದಲ್ಲ, ಮೇಲಿಂದ ಆಸ್ಪಿರಿನ್ ಕ್ಲೋಪಿಡೋಗ್ರೆಲ್ ಜೊತೆ ಸೇರಿದ್ರೆ ಹೊಟ್ಟೆಯಲ್ಲಿ ರಕ್ತಸ್ರಾವ. ಐಬುಪ್ರೊಫೇನ್ ಆದ್ರೆ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರ್ತದೆ.

ಇನ್ನು ನನಗೆ ಗೊತ್ತಾಗ್ಬೇಕಾದ್ದು, ಶುಗರ್ ಹೇಗುಂಟು? ಎಚ್‌ಬಿಎ1ಸಿ, ಅಂದ್ರೆ ಮೂರು ತಿಂಗಳ ಸರಾಸರಿ ಶುಗರ್, ಎಷ್ಟು? ಎಲೆಅಡಿಕೆ ಉಂಟಾ, ಹೊಗೆಸೊಪ್ಪು ಸೇರಿಸ್ತಾರಾ, ಬೀಡಿ ಉಂಟಾ?

ತೋಟದಮನೆ:

ಎಚ್‌ಬಿಎ1ಸಿ ಕಳೆದ ತಿಂಗಳು 8.4. ಬೀಡಿ ಅಟ್ಯಾಕ್ ಆದ ದಿನದಿಂದ ಬಿಟ್ಟಿದ್ದಾರೆ, ಅದು ನಿಜವೇ. ಎಲೆಅಡಿಕೆ ಉಂಟು, ಊಟದ ನಂತ್ರ. ಹೊಗೆಸೊಪ್ಪು ಇಲ್ಲ ಅಂತ ಹೇಳ್ತಾರೆ ಅಮ್ಮ ಇದ್ದಾಗ, ಅಮ್ಮ ಉಂಟು ಅಂತ ಹೇಳ್ತಾರೆ ಅಪ್ಪ ಇಲ್ಲದಾಗ. ಅಡಿಕೆ ಬೆಳೆಯುವ ಮನೆಯಲ್ಲಿ ಅಡಿಕೆ ಬಿಡಿ ಅಂತ ಹೇಳುದು ಹೇಗೆ ಮಾರಾಯ್ರೆ.

ಹಲ್ಲುಡಾಕ್ಟ್ರು:

ಹಾಗಾದ್ರೆ ಕಾಯ್ಲಿಕ್ಕೆ ಇನ್ನೂ ಒಂದು ಕಾರಣ ಸಿಕ್ಕಿತು. ಇಂಪ್ಲಾಂಟ್ ಅಂದ್ರೆ ಟೈಟಾನಿಯಂ ಸ್ಕ್ರೂ, ಅದನ್ನು ಸಿಮೆಂಟ್ ಹಾಕಿ ಅಂಟಿಸುದಲ್ಲ, ಎಲುಬು ತಾನಾಗಿ ಅದಕ್ಕೆ ಹಿಡ್ಕೊಳ್ಬೇಕು. ಸ್ವೀಡನ್ನಿನ ಬ್ರೋನೆಮಾರ್ಕ್ ಅಂತ ಒಬ್ರು ಇದನ್ನು ಮೊಲದ ಎಲುಬಲ್ಲಿ ಬೇರೆ ಏನೋ ಪ್ರಯೋಗ ಮಾಡುವಾಗ ಗಮನಿಸಿದ್ದು, ಇಟ್ಟ ಟೈಟಾನಿಯಂ ತುಂಡನ್ನು ವಾಪಸ್ ತೆಗೀಲಿಕ್ಕೇ ಆಗ್ಲಿಲ್ಲ. 1965ರಲ್ಲಿ ಮೊದಲು ಮನುಷ್ಯನಿಗೆ ಹಾಕಿದ್ದು. ಕೆಳಗಿನ ದವಡೆಯಲ್ಲಿ ಹಿಡ್ಕೊಳ್ಲಿಕ್ಕೆ ಮೂರು ತಿಂಗಳು, ಮೇಲೆ ನಾಲ್ಕರಿಂದ ಆರು. ಅದಾದ ಮೇಲೆ ಕ್ಯಾಪ್ ಕೂರಿಸುದು. ಹಾಗಾಗಿ ಒಂದೇ ಸಿಟ್ಟಿಂಗ್ ಅಂದ್ರೆ ಸ್ಕ್ರೂ ಮಾತ್ರ, ಅವತ್ತೇ ಚಕ್ಕುಲಿ ತಿನ್ಲಿಕ್ಕಿಲ್ಲ.

ಹಾರ್ಟ್ ಕಾಯಿಲೆ ಉಂಟು ಅಂತ ಎಲುಬು ಹಿಡ್ಕೊಳ್ಳುದಿಲ್ಲ ಅಂತ ಇಲ್ಲ, ಬ್ಲಾಕ್ ಇದ್ದವರಿಗೂ ಬಿಪಿ ಇದ್ದವರಿಗೂ ಬೇರೆಯವರ ಹಾಗೆಯೇ ಹಿಡೀತದೆ. ಕೆಡಿಸುದು ಶುಗರ್ ಮತ್ತೆ ಹೊಗೆಸೊಪ್ಪು. 8.4 ಇರುವವರಿಗೆ ನಾನು ಹಾಕುದಿಲ್ಲ, 7ರ ಆಸುಪಾಸು ಬರ್ಲಿ. ಹಾರ್ಟಿಗೂ ಅದೇ ಬೇಕಾದ್ದು.

ಈಗ ಮಾಡ್ಬಹುದಾದ್ದು: ಕ್ಲೀನಿಂಗ್ ಮಾಡ್ಸಿ, ವಸಡಿನ ಕಾಯಿಲೆ ಇದ್ರೆ ಗುಣ ಮಾಡ್ಸಿ, ಅದಿಲ್ಲದೆ ಇಂಪ್ಲಾಂಟ್ ಹಾಕಿದ್ರೆ ಅದರ ಸುತ್ತವೂ ಅದೇ ಕೀವು. ಸೆಟ್ಟು ನಾಲಗೆಗೆ ತಾಗುದಾದ್ರೆ ಆ ಅಂಚು ಹತ್ತು ನಿಮಿಷದಲ್ಲಿ ಉಜ್ಜಿ ಕೊಡ್ಬಹುದು, ಯಾರೂ ಅದನ್ನು ಕೇಳ್ಲಿಕ್ಕೆ ವಾಪಸ್ ಬರುದೇ ಇಲ್ಲ, ಎಲ್ಲರ ಮನೆಯಲ್ಲೂ ಲೋಟದಲ್ಲೇ ಇರುದು. ಇನ್ನೊಂದು ಮಾತು, ಕೊನೆಯ ದವಡೆ ಹಲ್ಲು ಇಲ್ಲದೆಯೂ ಮನುಷ್ಯ ಸರಿಯಾಗಿ ತಿಂತಾನೆ. ಎದುರಿನದ್ದು ಮತ್ತೆ ನಡುವಿನ ಸಣ್ಣ ದವಡೆ ಹಲ್ಲು ಮೇಲೆ ಕೆಳಗೆ ಸೇರಿ 20 ಗಟ್ಟಿ ಇದ್ರೆ ತುಂಬಾ ಜನರಿಗೆ ಸಾಕಾಗ್ತದೆ. ಜಪಾನಲ್ಲಿ 1989ರಿಂದ ಸರ್ಕಾರವೇ 80 ವರ್ಷಕ್ಕೆ 20 ಹಲ್ಲು ಅಂತ ಅಭಿಯಾನ ಮಾಡ್ತಾ ಇದೆ, 32 ಬೇಕು ಅಂತ ಅಲ್ಲಿಯೂ ಹೇಳುದಿಲ್ಲ. ಹಾಗಾಗಿ ಎರಡು ಬೇಡ, ಒಂದು ಇಂಪ್ಲಾಂಟ್ ಸಾಕಾಗ್ಬಹುದು, ಅಥವಾ ಒಂದೂ ಬೇಡದೆ ಇರಬಹುದು. ಅದು ಅಪ್ಪ ಏನು ತಿನ್ಲಿಕ್ಕೆ ಕಷ್ಟಪಡ್ತಾರೆ ಅಂತ ನೋಡಿ ಡಿಸೈಡ್ ಮಾಡುದು.

ಮುಳ್ಳೇರಿಯದಕ್ಕ:

ಎಲ್ಲ ಓದಿದೆ, ತುಂಬಾ ಉಪಕಾರ ಆಯ್ತು. ನನ್ನ ಅತ್ತೆಗೆ ಪೇಸ್‌ಮೇಕರ್ ಉಂಟು, ಅವರಿಗೆ ಕ್ಲೀನಿಂಗ್ ಮಾಡ್ಸ್ಲಿಕ್ಕೆ ಹೋದ್ರೆ ಒಂದು ಕಡೆ ಮಿಷನ್ ಇಡುದೇ ಇಲ್ಲ ಅಂತ ಹೇಳಿ ವಾಪಸ್ ಕಳ್ಸಿದ್ರು. ಮತ್ತೆ ಅವರಿಗೆ ಕುರ್ಚಿಯಲ್ಲಿ ಮಲಗಿಸಿದ್ರೆ ಉಸಿರು ಕಟ್ತದೆ. ಮಾಷ್ಟ್ರೇ, ನೀವು ಎಲ್ಲಿ ಮಾಡ್ಸಿದ್ದು? ನಮಗೆ ಇಲ್ಲಿಂದ ಪೊಯಿನಾಚಿಯ ಡೆಂಟಲ್ ಕಾಲೇಜೂ ಆಗ್ತದೆ, ಮಂಗ್ಳೂರಿಗೆ ಹೋದ್ರೂ ಆಗ್ತದೆ.

ವಾಲ್ವ್ ಮಾಷ್ಟ್ರು:

ಅಕ್ಕ, ನಾನು ದೇರಳಕಟ್ಟೆಗೆ ಹೋದದ್ದು. ಅಲ್ಲಿ ಎ.ಬಿ. ಶೆಟ್ಟಿ, ಯೇನೆಪೋಯ ಎರಡು ಡೆಂಟಲ್ ಕಾಲೇಜಿಗೂ ಅವರದ್ದೇ ಮೆಡಿಕಲ್ ಕಾಲೇಜ್ ಆಸ್ಪತ್ರೆ ಪಕ್ಕದಲ್ಲೇ ಉಂಟು, ಅದು ನಮ್ಮಂಥವರಿಗೆ ಅನುಕೂಲ. ಹಲ್ಲಿನವರು ಹಾರ್ಟಿನವರಿಗೆ ಒಂದು ಚೀಟಿ ಬರೀತಾರೆ, ಹಾರ್ಟಿನವರು ಅದರ ಕೆಳಗೆ ಉತ್ತರ ಬರೀತಾರೆ, ನಾವು ಕಾಗದ ಹಿಡ್ಕೊಂಡು ನಡ್ಕೊಂಡು ಹೋಗಿ ಬರುದು. ಹೊತ್ತು ಹೋಗ್ತದೆ, ಪಿಜಿ ಮಕ್ಕಳು ಕಲೀತಾ ಮಾಡ್ತಾರೆ, ಆದ್ರೆ ಮೇಲೆ ಪ್ರೊಫೆಸರ್ ನಿಂತಿರ್ತಾರೆ, ಖರ್ಚೂ ಕಮ್ಮಿ. ಕನ್ನಡ ತುಳು ಎರಡೂ ನಡೀತದೆ, ಫಾರ್ಮ್ ಕನ್ನಡದಲ್ಲಿ ಕೇಳಿದ್ರೆ ಕೊಡ್ತಾರೆ. ತೋಟದಮನೆಯವರೇ, ಮಲಯಾಳ ಫಾರ್ಮಿಗೆ ಸೈನ್ ಹಾಕದೆ ತಂದದ್ದು ನನಗೆ ಖುಷಿ ಆಯ್ತು. ಕಾಸರಗೋಡಲ್ಲಿ ಕನ್ನಡದಲ್ಲಿ ಕೇಳುದು ನಮ್ಮ ಹಕ್ಕು ಅಂತ ಭಾಷಣ ಮಾಡುವವರು ಆಸ್ಪತ್ರೆ ಕೌಂಟರಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಸೈನ್ ಹಾಕಿ ಬರ್ತಾರೆ.

ಹಲ್ಲುಡಾಕ್ಟ್ರು:

ಮುಳ್ಳೇರಿಯದಕ್ಕ, ಕ್ಲೀನಿಂಗ್ ಮಿಷನ್ ಎರಡು ಥರ ಉಂಟು. ಪೀಜೋ ಅಂತ ಹೇಳುದು ಪೇಸ್‌ಮೇಕರ್ ಇದ್ದವರಿಗೆ ತೊಂದರೆ ಇಲ್ಲ, ಈಗ ಹೆಚ್ಚಿನ ಕ್ಲಿನಿಕ್ಕಲ್ಲಿ ಅದೇ ಇರುದು. ಮ್ಯಾಗ್ನೆಟಿಕ್ ಥರದ್ದರಲ್ಲಿ ಜಾಗ್ರತೆ ಬೇಕು. ಸಂಶಯ ಇದ್ರೆ ಕೈಯಲ್ಲೇ ಕೆರೆದು ಮಾಡ್ಲಿಕ್ಕೆ ಹೇಳಿ, ನಿಧಾನ ಆಗ್ತದೆ ಅಷ್ಟೆ. ಕರೆಂಟಿಂದ ವಸಡು ಸುಡುವ ಕಾಟರಿ ಬಳಸ್ಲಿಕ್ಕುಂಟಾ ಅಂತ ಮೊದಲೇ ಕೇಳಿ, ಅದು ಬೇಡ. ಮತ್ತೆ ಮಲಗಿದ್ರೆ ಉಸಿರು ಕಟ್ತದೆ ಅಂತ ಹೇಳಿದ್ರಲ್ಲ, ಅದು ಹಲ್ಲಿಗಿಂತ ಮೊದಲು ಹಾರ್ಟಿನ ಡಾಕ್ಟ್ರಿಗೆ ಹೇಳ್ಬೇಕಾದ ಮಾತು. ಹಾರ್ಟ್ ವೀಕ್ ಆಗಿ ಶ್ವಾಸಕೋಶದಲ್ಲಿ ನೀರು ತುಂಬ್ತಾ ಇದ್ರೆ ಹಾಗಾಗುದು. ತಡ ಮಾಡ್ಬೇಡಿ, ಈ ವಾರವೇ ತೋರಿಸಿ.

ಮುಳ್ಳೇರಿಯದಕ್ಕ:

ಅಯ್ಯೋ ಹೌದಾ. ರಾತ್ರಿ ಎರಡು ದಿಂಬು ಇಟ್ಟು ಮಲಗ್ತಾರೆ, ಪ್ರಾಯಕ್ಕೆ ಅಂತ ಬಿಟ್ಟಿದ್ದೆವು. ನಾಳೆಯೇ ಫೋನ್ ಮಾಡ್ತೇನೆ.

ತೋಟದಮನೆ:

ಅಪ್ಡೇಟ್ ಹಾಕ್ತೇನೆ. ಮಂಗ್ಳೂರಿಗೆ ಹಾರ್ಟ್ ಚೆಕಪ್ಪಿಗೆ ಹೋದದ್ದು, ತಲಪಾಡಿ ಹತ್ರ ರಸ್ತೆ ಅವಸ್ಥೆ ಹೇಳಿ ಸುಖ ಇಲ್ಲ. ಡಾಕ್ಟ್ರು ಎಕೋ ಮಾಡಿ ನೋಡಿದ್ರು, ಪಂಪಿಂಗ್ 50 ಪರ್ಸೆಂಟ್ ಉಂಟು ಒಳ್ಳೆದು ಅಂತ ಹೇಳಿದ್ರು. ಹಲ್ಲಿನ ವಿಷಯ ಕೇಳಿದೆ. ಬರುವ ಮಾರ್ಚ್‌ವರೆಗೆ ಇಂಪ್ಲಾಂಟ್ ಬೇಡ, ಆಮೇಲೆ ಬಹುಶಃ ಕ್ಲೋಪಿಡೋಗ್ರೆಲ್ ನಿಲ್ಸಿ ಇಕೋಸ್ಪ್ರಿನ್ ಒಂದೇ ಮುಂದುವರಿಸುದು, ಅದು ಜೀವನ ಪೂರ್ತಿ, ಹಲ್ಲು ಮಾಡುವಾಗಲೂ ಅದನ್ನು ನಿಲ್ಸುದಿಲ್ಲ. ಇಷ್ಟನ್ನೂ ಲೆಟರ್‌ಹೆಡ್ಡಲ್ಲಿ ಬರೆದು ಕೊಡಿ ಅಂತ ಕೇಳಿದೆ, ಕೊಟ್ರು. ಮೊದಲಿನ ಕ್ಲಿನಿಕ್ಕಿಗೆ ಫೋನ್ ಮಾಡಿ ಕಾರ್ಡಿಯಾಲಜಿಸ್ಟ್ ಬೇಡ ಅಂದ್ರು ಅಂತ ಹೇಳಿದ್ದಕ್ಕೆ ಡಿಸ್ಕೌಂಟ್ ಈ ತಿಂಗಳು ಮಾತ್ರ ಅಂತ ಹೇಳಿದ್ರು. ನಗು ಬಂತು.

ಸೆಟ್ಟಿನ ಅಂಚು ಉಜ್ಜಿಸಿ ತಂದೆವು. ಅಪ್ಪ ಎರಡು ದಿನದಿಂದ ಹಾಕ್ತಾ ಇದ್ದಾರೆ, ಮಧ್ಯಾಹ್ನ ಊಟಕ್ಕೆ ಮಾತ್ರ. ಅವರಿಗೆ ತಿನ್ಲಿಕ್ಕೆ ಕಷ್ಟ ಯಾವುದು ಅಂತ ಕೇಳಿದೆ ಡಾಕ್ಟ್ರೇ, ಹಲಸಿನ ಹಪ್ಪಳ ಅಂತ ಹೇಳಿದ್ರು. ಅದು ಹೇಗೂ ಉಪ್ಪು, ಎಣ್ಣೆ, ಹಾರ್ಟಿನವರು ಬೇಡ ಅಂದದ್ದೇ.

ಒಂದು ಕೊನೆಯ ಪ್ರಶ್ನೆ, ಮುಂದೆ ಯಾವಾಗಾದ್ರೂ ಎಂಆರ್‌ಐ ಮಾಡ್ಲಿಕ್ಕೆ ಬಂದ್ರೆ ಬಾಯಿಯಲ್ಲಿ ಟೈಟಾನಿಯಂ ಇದ್ರೆ ತೊಂದರೆ ಆಗ್ತದಾ?

ಹಲ್ಲುಡಾಕ್ಟ್ರು:

ಇಲ್ಲ, ಟೈಟಾನಿಯಂ ಅಯಸ್ಕಾಂತಕ್ಕೆ ಎಳೆಯುದಿಲ್ಲ. ದವಡೆಯ ಹತ್ರ ಚಿತ್ರ ಸ್ವಲ್ಪ ಮಸುಕಾಗ್ಬಹುದು, ಆದ್ರೆ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳ್ಬೇಕು. ಮಾರ್ಚಲ್ಲಿ ಬರುವಾಗ ಆ ಲೆಟರ್, ಹೊಸ ಎಚ್‌ಬಿಎ1ಸಿ, ಮಾತ್ರೆಯ ಡಬ್ಬಿ ಎಲ್ಲ ತನ್ನಿ, ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ತೆಗೊಳ್ಳಿ, ತಿಂಡಿ ತಿಂದು ಮಾತ್ರೆ ನುಂಗಿಯೇ ಬರ್ಲಿಕ್ಕೆ ಹೇಳಿ. ಎದೆನೋವು ಬಂದ್ರೆ ನಾಲಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಬರೆದು ಕೊಟ್ಟಿದ್ರೆ ಅದು ಅಪ್ಪನ ಜೇಬಲ್ಲಿ ಇರ್ಲಿ, ನಿಮ್ಮ ಬ್ಯಾಗಲ್ಲಿ ಬೇಡ. ಅವತ್ತು ಬಿಪಿ 180ಕ್ಕೆ 110ರ ಮೇಲೆ ಇದ್ರೆ ನಾನು ಮುಟ್ಟುದಿಲ್ಲ, ವಾಪಸ್ ಕಳಿಸ್ತೇನೆ, ಅಷ್ಟು ದೂರದಿಂದ ಬಂದದ್ದು ಅಂತ ಬೇಜಾರು ಮಾಡ್ಲಿಕ್ಕಿಲ್ಲ.

ಉಪ್ಪಳದವ:

ಡಾಕ್ಟ್ರೇ, ಅಷ್ಟೆಲ್ಲ ಹೇಳಿದ್ರಿ, ರೇಟ್ ಮಾತ್ರ ಹೇಳ್ಲಿಲ್ಲ.